ದಾದಿಯ ಹದಿನಾರು ಸಾಲು

ಸಿಸ್ಟರ್ ಅವರಿಗೆ, ನಿಮ್ಮ ಇಂಗ್ಲಿಷ್ ಮೇಷ್ಟ್ರ ನಮಸ್ಕಾರಗಳು.

ವಿಷಯ ಮೊದಲು ಹೇಳಿಬಿಡುತ್ತೇನೆ. ಬರುವ ತಿಂಗಳು ಹನ್ನೊಂದರಂದು ಬೆಳಿಗ್ಗೆ ಹತ್ತಕ್ಕೆ ನಿಮ್ಮ ಇಂಗ್ಲಿಷ್ ಮೌಖಿಕ ಪರೀಕ್ಷೆ ಮತ್ತೊಮ್ಮೆ ನಡೆಯುತ್ತದೆ. ಅದೇ ಕೊಠಡಿ, ಅದೇ ನಾಟಕ, ಅದೇ ದೃಶ್ಯ. ಪರೀಕ್ಷಕರು ಮಾತ್ರ ಬೇರೆ. ಪಾಸಾದರೆ ನಿಮಗೆ ನರ್ಸ್ ನೋಂದಣಿ ಸಿಗುತ್ತದೆ, ಹೆರಿಗೆ ವಾರ್ಡಿಗೆ ಮರಳಬಹುದು. ಕಳೆದ ವರ್ಷ ನೀವು ನಪಾಸಾದದ್ದು ನನ್ನಿಂದ. ಹಾಗೆಂದು ಪರೀಕ್ಷಾ ಮಂಡಳಿಗೆ ಬರೆದು ತಿಳಿಸಿದ್ದೇನೆ. ಇಲ್ಲಿಂದ ಮುಂದೆ ಓದುವುದು, ಬಿಡುವುದು ನಿಮ್ಮ ಇಷ್ಟ.

ಓದುತ್ತಿದ್ದೀರಿ ಎಂದುಕೊಂಡು ಮುಂದುವರಿಸುತ್ತೇನೆ.

ಸಂಜೆ ಐದೂವರೆಯ ನಮ್ಮ ತರಗತಿಗೆ ನೀವು ಮೊದಲ ಸಲ ಬಂದ ದಿನ ನೆನಪಿದೆ. ಹಗಲೆಲ್ಲ ಚಿಕ್ಕ ಮಕ್ಕಳು ಕೂರುವ ಬೆಂಚುಗಳು. ನೀವೆಲ್ಲ ಮೊಣಕಾಲು ಎಲ್ಲಿಡುವುದು ಎಂದು ತಿಳಿಯದೆ ಒದ್ದಾಡುತ್ತಿದ್ದಿರಿ. ಅವರವರ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿ ಎಂದೆ. ಕಾಂಕ್ರೀಟ್ ಲಾರಿಯ ಡ್ರೈವರ್ ಒಂದೇ ವಾಕ್ಯ ಹೇಳಿ ಬೆವರು ಒರೆಸಿಕೊಂಡರು. ನೀವು ನಿಧಾನವಾಗಿ ಎರಡನ್ನೂ ಹೇಳಿದಿರಿ: ನಮ್ಮ ದೇಶದಲ್ಲಿ ಹತ್ತೊಂಬತ್ತು ವರ್ಷ ಹೆರಿಗೆ ನರ್ಸ್ ಆಗಿದ್ದೆ, ಈಗ ಇಲ್ಲಿನ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತೇನೆ. ಆವತ್ತಿನಿಂದ ಇಡೀ ತರಗತಿಗೆ ನೀವು ಸಿಸ್ಟರ್ ಆದಿರಿ. ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ, ಹೆರಿಗೆ ವಾರ್ಡು ಮೂರನೇ ಮಹಡಿಯಲ್ಲಿ. ನಡುವೆ ಒಂದು ಲಿಫ್ಟು ಮತ್ತು ಒಂದು ಇಂಗ್ಲಿಷ್ ಪ್ರಮಾಣಪತ್ರ.

ಹೆರಿಗೆ ಮಾಡಿಸುವವರಿಗೆ ನಾನೂರು ವರ್ಷ ಹಳೆಯ ನಾಟಕ ಯಾಕೆ ಬೇಕು ಎಂದು ನೀವು ಯಾವತ್ತೂ ಕೇಳಲಿಲ್ಲ. ಪಠ್ಯದಲ್ಲಿ ಇತ್ತು, ಕಲಿಸುತ್ತಿದ್ದೆ, ಹದಿನಾಲ್ಕು ವರ್ಷದಿಂದ. ಆ ನಾಟಕವನ್ನು ಅರೆದು ಕುಡಿದಿದ್ದೇನೆ ಎಂಬ ಜಂಬವೂ ಇತ್ತು. ಅದರಲ್ಲೂ ಮೂರನೇ ಅಂಕ ನನಗೆ ಅಚ್ಚುಮೆಚ್ಚು. ಯುದ್ಧ ಗೆದ್ದು ಬಂದ ರಾಜ ಅರಮನೆಯ ಅಂಗಳದಲ್ಲಿ ನಿಂತು, ತಾನು ಇಲ್ಲದಾಗ ಹುಟ್ಟಿದ ಮಗನನ್ನು ತೋರಿಸಿ ಎನ್ನುತ್ತಾನೆ. ಮುದಿ ದಾದಿ ಬರುತ್ತಾಳೆ. ಹಿಮದ ಬಗ್ಗೆ, ಅಕಾಲದಲ್ಲಿ ಅರಳಿದ ಮೊಗ್ಗಿನ ಬಗ್ಗೆ, ಬೆಳಗಾಗುವ ಮೊದಲೇ ಮುಳುಗಿದ ನಕ್ಷತ್ರದ ಬಗ್ಗೆ ಹದಿನೈದು ಸಾಲು ಹೇಳುತ್ತಾಳೆ. ಹದಿನಾರನೆಯ ಸಾಲಿನಲ್ಲಿ ಬರೀ ನಾಲ್ಕು ಪದ, ಮಗು ಬದುಕಿಲ್ಲ ಎಂದು. ನಾನು ಹಳದಿ ಸೀಮೆಸುಣ್ಣದಲ್ಲಿ ಒಂದೊಂದೇ ಉಪಮೆಗೆ ಗೆರೆ ಎಳೆದು, ಈ ತಡವೇ ಇಲ್ಲಿನ ಸೌಂದರ್ಯ ಎಂದು ವಿವರಿಸುತ್ತಿದ್ದೆ. ನೀವು ಕೈ ಎತ್ತಿದಿರಿ.

"ಮೇಷ್ಟ್ರೇ, ಅಷ್ಟೊತ್ತೂ ಆ ಅಪ್ಪ ನಿಂತೇ ಇರ್ಬೇಕಾ?"

ಕವಿ ಹಾಗೆ ಬರೆದಿದ್ದಾನೆ ಎಂದೆ.

"ಬರೀಲಿ ಬಿಡಿ. ಅವನು ಇಂಥ ಸುದ್ದೀನ ಯಾರಿಗೂ ಹೇಳಿಲ್ಲ ಅಂತ ಕಾಣತ್ತೆ."

ತರಗತಿ ನಕ್ಕಿತು, ನಾನೂ ನಕ್ಕೆ. ನೀವು ನಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಲವತ್ತೊಂದು ಸಲ ಅದನ್ನು ಹೇಳಿದ್ದೀನಿ ಎಂದಿರಿ. ಹೇಗೆ ಹೇಳ್ತಿದ್ರಿ ಎಂದು ಡ್ರೈವರ್ ಕೇಳಿದರು. "ಬಾಗಿಲು ಮುಚ್ಚಬೇಕು. ಅವ್ರನ್ನ ಕೂರಿಸ್ಬೇಕು. ನಾವು ಅವ್ರಿಗಿಂತ ಕೆಳಗೆ ಕೂರ್ಬೇಕು. ಮೊದಲ್ನೇ ಮಾತಲ್ಲೇ ಹೇಳ್ಬಿಡ್ಬೇಕು. ಆಮೇಲೆ ಎದ್ದು ಓಡ್ಬಾರ್ದು, ಅಷ್ಟೇ." ನಾನು ಗಡಿಯಾರ ನೋಡಿ, ಪರೀಕ್ಷೆಗೆ ಹದಿನಾರು ಸಾಲೂ ಬಾಯಿಪಾಠ ಆಗಬೇಕು, ಬಿಟ್ಟ ಪ್ರತಿ ಸಾಲಿಗೂ ಅಂಕ ಕಳೆಯುತ್ತಾರೆ ಎಂದು ಎಚ್ಚರಿಸಿದೆ. ನಿಮ್ಮ ಮಾತು ಕೇಳಿಸಿಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ದಾದಿಯ ಪಾತ್ರವನ್ನು ನಿಮಗೆ ಕೊಟ್ಟವನು ನಾನೇ. ರಾಜ ನಮ್ಮ ಡ್ರೈವರ್. ಒಂದು ಹಾಸು ಮಡಚುವಷ್ಟರಲ್ಲಿ ಒಂದು ಸಾಲು ಎಂದು ಲೆಕ್ಕವಿಟ್ಟುಕೊಂಡು ನೀವು ಕಲಿತಿರಂತೆ. ಪರೀಕ್ಷೆಗೆ ಎರಡು ದಿನ ಮೊದಲು ಹದಿನಾರನ್ನೂ ನನಗೆ ಒಪ್ಪಿಸಿದಿರಿ. ಎಲ್ಲೂ ತಡವರಿಸಲಿಲ್ಲ. ಡ್ರೈವರ್ ಮಹಾರಾಜರು ಕಿರೀಟದ ಬದಲು ಹೆಲ್ಮೆಟ್ ತರಲೇ ಎಂದು ಕೇಳಿ ನನ್ನಿಂದ ಬೈಸಿಕೊಂಡರು.

ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಬಂದಿದ್ದರು. ದಪ್ಪ ಕನ್ನಡಕ, ಕೆಂಪು ಪೆನ್ನು. ಪಕ್ಕದಲ್ಲಿ ಒಳಪರೀಕ್ಷಕನಾಗಿ ನಾನು. ರಾಜ ನಿಂತಿದ್ದ. ಎಂದೂ ನಟನೆ ಬಾರದ ಆ ಮನುಷ್ಯ ಆವತ್ತು ಬಾಗಿಲ ಕಡೆಗೇ ಕಣ್ಣು ನೆಟ್ಟು ನಿಂತುಬಿಟ್ಟಿದ್ದರು. ನೀವು ಬಂದಿರಿ. ಹಿಂದೆ ಬಾಗಿಲು ಹಾಕಿದಿರಿ. ಮೂಲೆಯಲ್ಲಿದ್ದ ಕುರ್ಚಿ ಎಳೆದು ರಾಜನನ್ನು ಕೂರಿಸಿ, ನೀವು ನೆಲದ ಮೇಲೆ ಕೂತು, ಆ ಕೊನೆಯ ನಾಲ್ಕು ಪದ ಹೇಳಿದಿರಿ. ಹೇಳಿ ಅಲ್ಲೇ ಕೂತಿದ್ದಿರಿ. ರಾಜನಿಗೆ ಮುಂದಿನ ಮಾತು ಮರೆತುಹೋಯಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಪರೀಕ್ಷಕರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ ಕೇಳಿದರು: ಇವರಿಗೆ ಪಾಠ ಬರುವುದಿಲ್ಲವೇ, ಇಲ್ಲ ನೀವೇ ಹೀಗೆ ಕಲಿಸಿದ್ದೇ?

ಹೌದು, ನಾನೇ ಕಲಿಸಿದ್ದು ಎನ್ನಬಹುದಿತ್ತು. ಇವರಿಗೆ ಹದಿನಾರು ಸಾಲೂ ಬರುತ್ತದೆ, ಕೇಳಿ ನೋಡಿ ಎನ್ನಬಹುದಿತ್ತು. ನನ್ನ ಹದಿನಾಲ್ಕು ವರ್ಷದ ಹೆಸರು ಹಾಳಾಗುತ್ತದೆ ಎಂದು ಹೆದರಿದೆ. "ನಾನು ಹಾಗೆ ಕಲಿಸಿಲ್ಲ. ಅವರಿಗೆ ಭಾಷೆ ಸ್ವಲ್ಪ ಕಷ್ಟ" ಎಂದೆ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನಿಮಗೆ ಅರ್ಥವಾಯಿತು. ಅಷ್ಟು ಇಂಗ್ಲಿಷ್ ನಾನೇ ಕಲಿಸಿದ್ದೆ.

ನೀವು ನೆಲದಿಂದ ಎದ್ದು ಸೀರೆಯ ಧೂಳು ಕೊಡವಿಕೊಂಡಿರಿ, ಅಷ್ಟೇ. ವರಾಂಡದಲ್ಲಿ ಯಾಕೆ ಹೀಗೆ ಮಾಡಿದಿರಿ ಎಂದು ನಾನೇ ನಿಮ್ಮನ್ನು ಗದರಿದೆ. "ಅವ್ರ ಮುಖ ನೋಡ್ದೆ ಮೇಷ್ಟ್ರೇ. ಸತಾಯಿಸೋಕೆ ಆಗ್ಲಿಲ್ಲ" ಎಂದಿರಿ. ಮೂವತ್ತಕ್ಕೆ ಎರಡು ಅಂಕ ಬಂತು. ಮುಂದಿನ ವರ್ಷ ಬನ್ನಿ ಎಂದೆ. ನೀವು ಬರಲಿಲ್ಲ.

ಆಮೇಲೆ ನನಗೆ ನಿದ್ದೆ ಬರಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಚೆನ್ನಾಗಿಯೇ ನಿದ್ದೆ ಬಂತು. ಈ ವರ್ಷ ಹೊಸ ತರಗತಿಗೆ ಅದೇ ದೃಶ್ಯ ಮಾಡಿದೆ, ಅದೇ ಹಳದಿ ಸೀಮೆಸುಣ್ಣ. ಯಾರೂ ಕೈ ಎತ್ತಲಿಲ್ಲ. ಎಲ್ಲರೂ ವಿಧೇಯರಾಗಿ ಬರೆದುಕೊಂಡರು. ಆವತ್ತು ಮೊದಲ ಬಾರಿಗೆ ಆ ಪಾಠ ಮಾಡಲು ನಾಚಿಕೆಯಾಯಿತು, ಆದರೂ ಪಾಠ ಮುಗಿಸಿ ಮನೆಗೆ ಹೋದೆ.

ಹೋದ ತಿಂಗಳು ಡ್ರೈವರ್ ಪ್ರಮಾಣಪತ್ರ ತೆಗೆದುಕೊಂಡು ಹೋಗಲು ಬಂದಿದ್ದರು. ಅವರಿಗೆ ಹೆಣ್ಣು ಮಗುವಾಗಿದೆಯಂತೆ, ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದಾರಂತೆ. ನಿಮ್ಮ ಸುದ್ದಿ ಕೇಳಿದೆ. "ಸಿಸ್ಟರ್ ಅಲ್ಲೇ ಇದಾರೆ, ಕೆಳಗಡೆ. ನಮ್ಮನೆಯವಳನ್ನ ಹೆರಿಗೆಗೆ ಕರ್ಕೊಂಡ್ ಹೋದಾಗ ಕೈ ಹಿಡ್ಕೊಂಡು ಲಿಫ್ಟ್‌ನಲ್ಲಿ ಮೇಲಿನ ತನಕ ಬಂದ್ರು. ವಾರ್ಡ್ ಒಳಗೆ ಬರೋ ಹಾಗಿಲ್ವಲ್ಲ, ಬಾಗಿಲಲ್ಲೇ ನಿಂತ್ರು. ಒಳಗೆ ಅವಳು ಸಿಸ್ಟರ್, ಸಿಸ್ಟರ್ ಅಂತ ಕೂಗ್ತಾ ಇದ್ಲು" ಎಂದರು.

ಅವರು ಹೋದ ಮೇಲೆ ಮೇಜಿನ ಮುಂದೆ ಕೂತು ಮಂಡಳಿಗೆ ಬರೆದೆ. ನಿಮಗೆ ಪೂರ್ತಿ ಪಾಠ ಬರುತ್ತಿತ್ತು, ನಾನು ಕಿವಿಯಾರೆ ಕೇಳಿದ್ದೆ, ಪರೀಕ್ಷಕರ ಮುಂದೆ ಸುಳ್ಳು ಹೇಳಿದೆ ಎಂದು. ನಿಮಗೆ ಮರುಪರೀಕ್ಷೆ ಕೊಟ್ಟಿದ್ದಾರೆ, ನನ್ನನ್ನು ಮೂರು ವರ್ಷ ಒಳಪರೀಕ್ಷಕನ ಕೆಲಸದಿಂದ ತೆಗೆದಿದ್ದಾರೆ. ಎರಡೂ ಸರಿಯೇ. ನಿಮ್ಮ ಒಂದು ವರ್ಷ ನಾನು ತಿಂದುಹಾಕಿದೆ. ಅದನ್ನು ಯಾವ ಮಂಡಳಿಯೂ ವಾಪಸು ಕೊಡುವುದಿಲ್ಲ. ಕ್ಷಮಿಸಿ.

ಇನ್ನು ಒಂದು ಕೋರಿಕೆ. ಈ ಸಲ ಹದಿನಾರೂ ಸಾಲು ಹೇಳಿಬಿಡಿ. ಹಿಮ, ಮೊಗ್ಗು, ನಕ್ಷತ್ರ, ಒಂದನ್ನೂ ಬಿಡಬೇಡಿ. ಅಲ್ಲಿ ಸುದ್ದಿಗೆ ಕಾಯುವ ಅಪ್ಪ ಯಾರೂ ಇರುವುದಿಲ್ಲ, ನಮ್ಮ ಡ್ರೈವರ್ ಇರುತ್ತಾರೆ. ರಜೆ ಹಾಕಿ ಮತ್ತೆ ರಾಜನಾಗಲು ಬರುತ್ತಿದ್ದಾರೆ. ಅವರನ್ನು ನಿಲ್ಲಿಸಿಯೇ ಸತಾಯಿಸಿ, ತಡೆದುಕೊಳ್ಳುತ್ತಾರೆ. ಜೀವಮಾನದಲ್ಲಿ ಆ ಒಂದು ಸಲ ಅಷ್ಟುದ್ದಕ್ಕೆ ಹೇಳಿ, ಆಮೇಲೆ ಯಾರಿಗೂ ಹಾಗೆ ಹೇಳಬೇಡಿ.

ನಾನು ಒಳಗೆ ಬರುವ ಹಾಗಿಲ್ಲ. ವರಾಂಡದಲ್ಲಿ ಇರುತ್ತೇನೆ. ನನ್ನ ಜೊತೆ ಮಾತಾಡಲು ನಿಮಗೆ ಮನಸ್ಸಾಗದಿದ್ದರೆ ನೇರವಾಗಿ ಆಸ್ಪತ್ರೆಗೆ ಹೊರಟುಬಿಡಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಮೂರನೇ ಮಹಡಿಯಲ್ಲಿ ನಿಮ್ಮ ಕೈಗೆ ಬರುವ ಮಕ್ಕಳೆಲ್ಲ ಅಳುತ್ತಲೇ ಬರಲಿ. ಆ ನಾಲ್ಕು ಪದ ಎಷ್ಟೋ ವರ್ಷ ನಿಮ್ಮ ಬಾಯಿಗೆ ಬಾರದೆ ಹೋಗಲಿ.

ಇತಿ,
ನಿಮ್ಮ ಮೇಷ್ಟ್ರು