ಉಸಿರಾಡುವ ಬೊಂಬೆ

ಚಿಕ್ಕಮ್ಮ,

ಕ್ಷೇಮ. ಇಲ್ಲಿನ ಪ್ರಾಕ್ಟಿಕಲ್ ರೂಮಿನಲ್ಲಿ ಮಲಗಿರುವ ರೋಗಿ ಒಂದು ಬೊಂಬೆ. ಆದರೆ ಉಸಿರಾಡುತ್ತದೆ, ಕೆಮ್ಮುತ್ತದೆ, ನಾಡಿಯೂ ಸಿಗುತ್ತದೆ. ಸೋಮವಾರದ ಟೆಸ್ಟಿನಲ್ಲಿ ಅದರ ಮಾನಿಟರ್ ಕೂಗಿತು. ನಾಲ್ಕು ವರ್ಷ ವಾರ್ಡಿನಲ್ಲಿ ದುಡಿದ ಕೈ ನೋಡು, ಮೊದಲು ಹೋಗಿ ಅಲಾರಂ ಬಂದ್ ಮಾಡಿತು. ತಿರುಗಿದರೆ ಬೊಂಬೆಗೆ ಉಸಿರಿಲ್ಲ. “ಮೆಷಿನ್ನೂ ಸುಮ್ಮನಾಯ್ತು, ಪೇಷಂಟೂ ಸುಮ್ಮನಾದ. ಸಮಾಧಾನನಾ ಸಿಸ್ಟರ್?” ಅಂದರು ನಮ್ಮ ಮೇಡಂ. ಶುಕ್ರವಾರ ಮತ್ತೆ ಟೆಸ್ಟ್. ಅದರಲ್ಲೂ ಫೇಲಾದರೆ ಐಸಿಯು ಸ್ಪೆಷಲೈಸೇಷನ್ ಸೀಟು ಹೋಯಿತು. ಬಿಟ್ಟು ಬಂದ ಕೆಲಸ ಆಗಲೇ ಹೋಗಿದೆ. ಅಮ್ಮನಿಗೆ ಹೇಳಬೇಡ ಎನ್ನೋಣವೆಂದರೆ ಇದು ಕವರಲ್ಲ, ಕಾರ್ಡು. ಅವಳು ಓದಿಯೇ ನಿನಗೆ ಕೊಟ್ಟಿರುತ್ತಾಳೆ.

ಹೊಟ್ಟೆ ಸರಿಯಾಗಿದೆ, ನಿದ್ದೆ ಅಷ್ಟಕ್ಕಷ್ಟೇ. ಕಪಾಟಿನಲ್ಲಿರುವ ನನ್ನ ಸೆಕೆಂಡ್ ಮುಳ್ಳಿನ ವಾಚ್ ಕಳಿಸು.

ಇವತ್ತು ಬೆಳಿಗ್ಗೆ ರೂಮ್‌ಮೇಟ್‌ಳ ಅಲಾರಂ ಗಡಿಯಾರ ಹೊಡೆದುಕೊಂಡಿತು. ನಾನು ಎದ್ದು ನೇರ ಹೋಗಿ ಅವಳ ಮಣಿಕಟ್ಟು ಹಿಡಿದೆ. “ಬದುಕಿದ್ದೀನಿ ಕಣೇ, ಮೊದಲು ಅದನ್ನ ಆಫ್ ಮಾಡು” ಅಂದಳು. ಕೂಗುತ್ತಿದ್ದ ಅದೇ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ, ಆಮೇಲೆ ಆಫ್ ಮಾಡಿದೆ. ಎಪ್ಪತ್ತೆರಡು ಇತ್ತು.

ಕ್ಲಾಸಿಗೆ ಹೊತ್ತಾಯಿತು,
ನಿನ್ನ ಪುಟ್ಟಿ