ಚುಕ್ಕಿಯ ಮರಿಗಳು

ವಿಜಯನಗರ
೧೪ ಸೆಪ್ಟೆಂಬರ್ ೨೦೨೫

ಮಗಳೇ ವಚನಾ,

ನೀನೂ ಗಿರಿರಾಜನೂ ಕೊಪ್ಪಳದ ಹೊಸ ಮನೆಗೆ ಹೊಂದಿಕೊಂಡಿದ್ದೀರಿ ಎಂದುಕೊಂಡಿದ್ದೇನೆ. ನಾವು ಇದ್ದೇವೆ, ನಿನ್ನ ಅಪ್ಪನ ಮಂಡಿನೋವು ಹಾಗೇ ಇದೆ. ಎರಡು ವಾರದ ಹಿಂದೆಯೇ ಬರೆಯಬೇಕಿತ್ತು, ಕೈ ಓಡಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ. ಆದರೆ ಈ ಸುದ್ದಿಯನ್ನು ನೀನು ಬೇರೆಯವರಿಂದ ಕೇಳಬಾರದು. ನಿನ್ನ ಚುಕ್ಕಿ ಸತ್ತುಹೋದಳು.

ತಪ್ಪು ನನ್ನದೇ. ಜೂನ್‌ನಲ್ಲಿ ಮೊಲಗಳನ್ನು ನನ್ನ ಹತ್ತಿರ ಬಿಟ್ಟು ಹೊರಡುವಾಗ, ಎರಡನ್ನೂ ಯಾವ ಕಾರಣಕ್ಕೂ ಒಟ್ಟಿಗೆ ಬಿಡಬೇಡ ಎಂದು ನೀನು ಹೇಳಿಯೇ ಹೋಗಿದ್ದೆ. ಜುಲೈ ಮೊದಲ ವಾರ ಒಂದು ದಿನ ಚೆನ್ನಾಗಿ ಬಿಸಿಲು ಬಿತ್ತು. ಪಾಪ ಅನ್ನಿಸಿ ಚುಕ್ಕಿಯನ್ನೂ ಬೆಳ್ಳನನ್ನೂ ತಾರಸಿಗೆ ಬಿಟ್ಟೆ. ಒಣಗಿದ ಬಟ್ಟೆ ಎತ್ತಿಕೊಳ್ಳುವಷ್ಟು ಹೊತ್ತು, ಅಷ್ಟೇ.

ತಿಂಗಳಾಗುತ್ತಿದ್ದಂತೆ ಚುಕ್ಕಿ ತನ್ನ ಎದೆಯ ಕೂದಲು ಕಿತ್ತು ಬೋನಿನ ಮೂಲೆಗೆ ಒಟ್ಟತೊಡಗಿದಳು. ಮರಿಗಳಿಗೆ ಹಾಸಿಗೆ ಮಾಡುತ್ತಿದ್ದಾಳೆಂದು ನನಗೇನು ಗೊತ್ತು? ಚರ್ಮದ ರೋಗವೆಂದುಕೊಂಡು ಕೂದಲನ್ನೆಲ್ಲ ಗುಡಿಸಿ ಎಸೆದೆ. ಅವಳು ಮತ್ತೆ ಕಿತ್ತಳು, ನಾನು ಮತ್ತೆ ಗುಡಿಸಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಬರಿಯ ತಂತಿಯ ಮೇಲೆ ಐದು ಮರಿಗಳು, ನನ್ನ ಹೆಬ್ಬೆರಳಿನಷ್ಟು, ತಣ್ಣಗಾಗಿದ್ದವು. ಒಂದು ಮಾತ್ರ ಇನ್ನೂ ಬಾಯಿ ಆಡಿಸುತ್ತಿತ್ತು. ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಕುಕ್ಕರ್ ಕೂಗುವ ಹೊತ್ತಿಗೆ ಅದೂ ನಿಂತಿತು. ನಿನ್ನ ಅಪ್ಪ ಐದನ್ನೂ ಪೇಪರಿನಲ್ಲಿ ಸುತ್ತಿ ದಾಸವಾಳದ ಬುಡದಲ್ಲಿ ಹೂತರು.

ಅದೇ ಬೆಳಿಗ್ಗೆ ಬೋನು ತೊಳೆಯಲೆಂದು ಚುಕ್ಕಿಯನ್ನು ಬಾಲ್ಕನಿಯಲ್ಲಿ ಬಿಟ್ಟಿದ್ದೆ. ಬೆಳ್ಳನ ಬೋನಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಬಂದು ನೋಡಿದಾಗ ಅವನು ಅವಳ ಪಕ್ಕದಲ್ಲಿದ್ದ. ಹೆತ್ತ ಗಳಿಗೆಯಲ್ಲೇ ಅಂಥದ್ದು ಆದೀತೆಂದು ಹೊಳೆಯಲೇ ಇಲ್ಲ. ಆಮೇಲೆ ಎರಡು ದಿನ ಚುಕ್ಕಿ ತೊಳೆದ ಬೋನಿನ ಮೂಲೆಮೂಲೆಯನ್ನೂ ಮೂಸುತ್ತಿದ್ದಳು. ನನಗೆ ನೋಡಲಾಗಲಿಲ್ಲ.

ಆಗಸ್ಟ್ ಕೊನೆಗೆ ಚುಕ್ಕಿಯ ಹೊಟ್ಟೆ ಬಿಗಿದುಕೊಂಡಿತು, ಸೊಪ್ಪು ಮುಟ್ಟಲಿಲ್ಲ. ಆಟೋದಲ್ಲಿ ಬಸವೇಶ್ವರನಗರದ ಪ್ರಾಣಿಗಳ ಕ್ಲಿನಿಕ್‌ಗೆ ಒಯ್ದೆ. ಅಲ್ಲಿನ ಡಾಕ್ಟರು ಕೊಟ್ರೇಶ್ ಸ್ಕ್ಯಾನ್ ಮಾಡಿ, ಮರಿ ಅಡ್ಡ ಸಿಕ್ಕಿಕೊಂಡಿದೆ ಎಂದರು.

"ಹೆತ್ತ ದಿನಾನೇ ಮತ್ತೆ ಗಬ್ಬ ಕಟ್ತವೆ ಆಂಟಿ. ನಿಮ್ಗೆ ಯಾರೂ ಹೇಳಿರ್ಲಿಲ್ವಾ?"

"ಒಟ್ಟಿಗೆ ಬಿಡಬೇಡ ಅಂತ ಮಗಳು ಹೇಳಿದ್ಲು," ಎಂದೆ.

ಆಪರೇಷನ್‌ಗೆಂದು ಮತ್ತು ಬರಿಸಿದರು. ಅವಳು ಏಳಲಿಲ್ಲ. ಮನೆಗೆ ಕಟ್ಟಿಕೊಡುವ ಮುಂಚೆ, ಒಂದು ಸಲ ನೋಡುತ್ತೀರಾ ಎಂದು ಡಾಕ್ಟರು ಕೇಳಿದರು. ನೋಡಿದೆ. ಎದೆಯ ಮೇಲೆ ಕೂದಲು ಇನ್ನೂ ಪೂರ್ತಿ ಬಂದಿರಲಿಲ್ಲ.

ಬೆಳ್ಳನಿಗೆ ಅಲ್ಲೇ ಬೀಜ ತೆಗೆಸಿದ್ದೇನೆ. ತಿನ್ನುತ್ತಾನೆ, ಸುಮ್ಮನೆ ಕೂತಿರುತ್ತಾನೆ.

ಊಟ ಬಿಡಬೇಡ. ನಿನಗೆ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬೇಡ. ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ, ನಿನ್ನ ಮನಸ್ಸಿಗೆ ನೆಮ್ಮದಿ ಕೊಡಲಿ.

ನಿನ್ನ ಅಮ್ಮ,
ಬಸವರಾಜೇಶ್ವರಿ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ: ಏಪ್ರಿಲ್‌ನಲ್ಲಿ ಕೆಂಗೇರಿಯ ಆಸ್ಪತ್ರೆಯಲ್ಲಿ ನಿನಗೆ ಎಚ್ಚರವಾದಾಗ, ಮಗು ಹೇಗಿತ್ತು ಎಂದು ನೀನು ಕೇಳಿದ್ದೆ. ನಾನೂ ನೋಡಲಿಲ್ಲ, ನರ್ಸ್‌ಗಳೇ ಒಯ್ದರು ಎಂದು ನಾನು ಹೇಳಿದ್ದೆ. ಅದು ಸುಳ್ಳು. ನೀನು ಏಳುವವರೆಗೂ ಕಾಯುತ್ತೇವೆ, ತಾಯಿಗೆ ತೋರಿಸಬೇಕು ಎಂದು ನರ್ಸ್ ಹೇಳಿದ್ದರು. "ಬೇಡಮ್ಮ, ತೋರಿಸ್ಬೇಡಿ. ನೋಡದಿದ್ರೆ ಬೇಗ ಮರೀತಾಳೆ," ಎಂದವಳು ನಾನು. ಗಿರಿರಾಜ ಊರಿನಿಂದ ಬರುವಷ್ಟರಲ್ಲಿ ನಿನ್ನ ಅಪ್ಪ ಮಣ್ಣು ಮಾಡಿ ಬಂದಿದ್ದರು. ಹೆಣ್ಣೆಂದಷ್ಟೇ ನಿನಗೆ ಗೊತ್ತು. ಅರ್ಧ ಗಂಟೆ ಅವಳು ನನ್ನ ತೊಡೆಯ ಮೇಲಿದ್ದಳು. ತಲೆ ತುಂಬ ಕೂದಲು. ಎಡಗಿವಿಯ ತುದಿ ನಿನ್ನದರ ಹಾಗೆಯೇ ಒಳಕ್ಕೆ ಮಡಚಿಕೊಂಡಿತ್ತು. ಉಲ್ಲಾಳದ ಕಡೆಯ ಸ್ಮಶಾನದಲ್ಲಿ ಆ ಜಾಗವನ್ನು ಅಪ್ಪ ಗುರುತಿಟ್ಟಿದ್ದಾರೆ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ, ಅವರ ಜೊತೆಗೆ ಹೋಗಿ ಬಾ.