ಮಠದವರು ಕೊಟ್ಟ ಮನೆ

ಎರ್ರಮ್ಮನ ಅಪ್ಪನವರಿಗೆ,

ಹೊಳೆ ಬಂದು ಮನೆ ಹೋದವರಿಗೆಂದು ಮಠದವರು ಕಡ್ಡಿರಾಂಪುರದಲ್ಲಿ ಕಟ್ಟಿಸಿದ ಮನೆಗಳಲ್ಲಿ ನಮಗೂ ಒಂದು ಸಿಕ್ಕಿತು. ಹೊಳೆ ಬಂದಾಗಿನಿಂದ ತಂಗಿದ್ದ ಹಂಪಿಯ ಮಂಟಪ ಬಿಟ್ಟು ಬಂದೆವು. ಇಂದು ಹಾಲು ಉಕ್ಕಿಸಲು ಕೂತಾಗ, ನೀವು ಸಂಡೂರಿನ ಗಣಿಯಲ್ಲಿದ್ದೀರೆಂದು ನಿಮ್ಮ ಬದಲಿಗೆ ನಿಮ್ಮ ಹೆಗಲ ವಲ್ಲಿಯನ್ನು ಪಕ್ಕದ ಮಣೆಯ ಮೇಲಿಟ್ಟೆ.

ಗಣಿಯಿಂದ ಆಗಷ್ಟೇ ಬಂದ ನಿಮ್ಮ ಜೊತೆಗಾರ ಗಾದಿಲಿಂಗಪ್ಪ ಅದನ್ನು ಎತ್ತಿಕೊಂಡ. ನಾನು ಗದರಿದೆ:

"ಲೇ, ಇಡೋ ಅಲ್ಲೇ! ಯಜಮಾನ್ರ ಜಾಗ ಅದು."

"ಬ್ಯಾಡಬೇ ಅಕ್ಕಾ. ಗಣಿ ಕುಸೀತು. ಅಣ್ಣ ಇಲ್ಲ."

ವಿರೂಪಾಕ್ಷಾ! ಸೂತಕದವಳು ಹಾಲು ಮುಟ್ಟಬಾರದೆಂದು ಏಳಲು ಹೋದೆ. ಮಠದ ಅಯ್ಯನವರು ತಡೆದರು.

"ಕುಂದ್ರವ್ವ. ಮನಿ ನಿಂದು. ನೀನ ಉಕ್ಕಿಸು."

ಉಕ್ಕಿಸಿದೆ. ಎಲ್ಲರೂ ಹೋದರು. ನೀವು ಗಣಿಗೆ ಹೊರಟಾಗ ನಾನು ನೀರಿಗೆ ಹೋಗಿದ್ದೆನಲ್ಲ, ಮುಖ ನೋಡಿ ಕಳಿಸಲೂ ಆಗಲಿಲ್ಲ... ಮಂಟಪಕ್ಕೆ ಬಾಗಿಲಿರಲಿಲ್ಲ, ಈಗ ಬಾಗಿಲಿದೆ. ನೀವು ಬಂದೀರೆಂದು ಅಗಳಿ ಹಾಕಲು ಕೈ ಬರುತ್ತಿಲ್ಲ.